ಒಂಟಿ ಕಾಲುಚೀಲ

“ಮುಚ್ಚಳ ಅಲ್ಲೇ ಗೋಡೆಗೆ ಒರಗಿಸಿಡು ಗ್ರಾಂಟ್,” ಎಂದಳು ಎನಿಡ್, ಹೆಣಿಗೆ ಕಡ್ಡಿಗಳಿಂದ ಕಣ್ಣೆತ್ತದೆ. “ಮುಟ್ಟಿದ್ರೆ ಈ ಕಡ್ಡೀಲೇ ಚುಚ್ತೀನಿ.”

ಗ್ರಾಂಟ್ ಟ್ರೆಲೋರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಮಿರಾಬಿನ್ನಿನಲ್ಲಿ ಅಜ್ಜನ ಕಾಲದಿಂದ ಸತ್ತವರನ್ನು ಮಣ್ಣಿಗೆ ಸೇರಿಸುತ್ತ ಬಂದ ಮನೆತನ ಅವನದು. ಬಿದ್ದು ಹೊರಳಾಡಿ ಅಳುವವರನ್ನು ಕಂಡಿದ್ದ, ಹೊಲದ ಪಾಲಿಗಾಗಿ ಶವಪೆಟ್ಟಿಗೆಯ ಪಕ್ಕದಲ್ಲೇ ಕೈ ಕೈ ಮಿಲಾಯಿಸಿದ ಅಣ್ಣತಮ್ಮಂದಿರನ್ನೂ ಕಂಡಿದ್ದ. ಹೆಣಿಗೆ ಮುಗಿಯಲಿ, ಆಮೇಲೆ ಮುಚ್ಚು ಎಂದವರನ್ನು ಮಾತ್ರ ಇದೇ ಮೊದಲು ನೋಡುತ್ತಿದ್ದ.

ಪೆಟ್ಟಿಗೆಯೊಳಗೆ ಅವಳ ಗಂಡ ಆಲ್ವಿನ್ ಪಾಸ್ಕೋ ನೀಲಿ ಕೋಟು ತೊಟ್ಟು, ಪದಕಗಳನ್ನು ಎದೆಗಿಟ್ಟುಕೊಂಡು ಮಲಗಿದ್ದ. ಗ್ರಾಂಟ್ ಬೈತಲೆಯನ್ನು ತಪ್ಪು ಕಡೆಗೆ ತೆಗೆದಿದ್ದನೆಂದು ಎನಿಡ್ ಬೆಳಗ್ಗೆ ಬಂದವಳೇ ಅದನ್ನು ಸರಿಮಾಡಿದ್ದಳು. ಷರಾಯಿಯ ಅಂಚಿನಿಂದಾಚೆ ಎರಡು ಪಾದಗಳು. ಎಡಗಾಲಿಗೆ ಬೂದುಬಣ್ಣದ ದಪ್ಪ ಉಣ್ಣೆಯ ಕಾಲುಚೀಲ. ಹಿಮ್ಮಡಿಯಲ್ಲಿ ತೇಪೆಯ ಮೇಲೆ ತೇಪೆ ಬಿದ್ದು ಮೂಲದ ನೂಲು ಎಲ್ಲಿ, ತೇಪೆ ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ಬಲಗಾಲು ಬರಿದಾಗಿತ್ತು. ಆ ಬಲಗಾಲಿನ ಕಾಲುಚೀಲವೇ ಎನಿಡ್‌ಳ ಮಡಿಲಲ್ಲಿ ಕಡ್ಡಿಗಳ ನಡುವೆ ತೂಗುತ್ತಿದ್ದುದು. ಹಿಮ್ಮಡಿ ತಿರುಗಿತ್ತು, ಪಾದ ಮುಗಿಯುತ್ತ ಬಂದಿತ್ತು, ಬೆರಳುಗಳ ಭಾಗ ಬಾಕಿ ಇತ್ತು. ಅವಳ ಬೆರಳ ಗೆಣ್ಣುಗಳು ಶುಂಠಿಯ ಕೊಂಬಿನಂತೆ ಊದಿದ್ದವು. ಒಂದೊಂದು ಕುಣಿಕೆ ಎತ್ತುವಾಗಲೂ ತುಟಿ ಕಚ್ಚಿಕೊಳ್ಳುತ್ತಿದ್ದಳು.

ಮಗಳು ಹೀದರ್ ಬಾಗಿಲಿಂದ ಒಳಗೆ ಬಂದಳು. “ಅಮ್ಮಾ, ಹನ್ನೊಂದಕ್ಕೆ ಅಂತ ಹೇಳಿದ್ವಿ. ಪಾದ್ರಿ ಬಂದು ಕೂತಾಗಿದೆ. ಜನ ಎಲ್ಲ ಬಿಸಿಲಲ್ಲಿ ನಿಂತಿದ್ದಾರೆ.”

“ನಿಲ್ಲಲಿ. ಇವರು ಅವರವರ ಮನೆ ಸಾವಿಗೆ ನಿಂತಿಲ್ವಾ?”

“ಎದುರುಗಡೆ ಅಂಗಡೀಲಿ ಒಳ್ಳೇ ಉಣ್ಣೇದು ಸಿಗುತ್ತಮ್ಮ. ಓಡಿಹೋಗಿ ಒಂದು ಜೊತೆ ತರ್ಲಾ?”

“ಅಂಗಡಿ ಕಾಲುಚೀಲ ಹಾಕಿ ಕಳಿಸೋಕೆ ನಾನೇನು ಸತ್ತಿದೀನಾ?”

ಹೀದರ್ ಗ್ರಾಂಟನ ಮುಖ ನೋಡಿದಳು, ಗ್ರಾಂಟ್ ಚಾವಣಿ ನೋಡಿದ. ಇದು ನಮ್ಮೂರಿನ ಸ್ಮಾರಕ ಭವನದ ಪಕ್ಕದ ಕೋಣೆ. ಮದುವೆಗೆ ಬಂದವರು ಕೋಟು ನೇತುಹಾಕುವುದು, ನಾಟಕದವರು ಬಣ್ಣ ಹಚ್ಚಿಕೊಳ್ಳುವುದು, ಸತ್ತವರು ತಮ್ಮ ಸರದಿ ಕಾಯುವುದು ಎಲ್ಲ ಇಲ್ಲೇ. ಕಿಟಕಿಯಾಚೆ ಜೋಲುಕೊಂಬೆಗಳ ಮೆಣಸಿನ ಮರದ ನೆರಳಿಗಾಗಿ ಜನ ಒತ್ತೊತ್ತಾಗಿ ನಿಂತಿದ್ದರು. ನಮ್ಮ ಕಡೆ ಮಾರ್ಚ್ ಹೊತ್ತಿಗೆ ಬೇಸಿಗೆ ಮುಗಿದಿರಬೇಕು, ಬಿಸಿಲಿಗೆ ಮಾತ್ರ ಅದು ತಿಳಿದಂತಿರಲಿಲ್ಲ.

ಅಷ್ಟರಲ್ಲಿ ಮೆರ್ಲ್ ಬಂದಳು. ಎನಿಡ್‌ಳ ಬಾಲ್ಯದ ಗೆಳತಿ, ಅಷ್ಟೇ ಹಳೆಯ ವೈರಿ. ಇಬ್ಬರೂ ಜಗಳವಾಡದೆ ಒಂದು ಭಾನುವಾರ ಕಳೆದದ್ದಿಲ್ಲ, ಜಗಳವಾಡಿ ಒಂದು ಸೋಮವಾರ ಮಾತು ಬಿಟ್ಟದ್ದೂ ಇಲ್ಲ.

“ಕೊಡೇ ಇಲ್ಲಿ,” ಎಂದಳು ಮೆರ್ಲ್. “ಕಣ್ಣು ಕಾಣಲ್ಲ, ಕೈ ಬಗ್ಗಲ್ಲ. ಬೆರಳ ತುದಿ ನಾನು ಮುಚ್ಚಿ ಕೊಡ್ತೀನಿ.”

“ನೀನಾ? ಯುದ್ಧದಲ್ಲಿ ನೀನು ಹೆಣೆದು ಕಳಿಸಿದ ಟೋಪೀಲಿ ಹಡಗಿನವರು ಕಾಫಿ ಸೋಸಿದ್ರಂತೆ, ಮರೆತುಹೋಯ್ತಾ?”

“ಕಾಫಿಯಾದ್ರೂ ಸೋಸಿದ್ರು. ನಿನ್ನ ಕಾಲುಚೀಲ ಒಂದು ಉದ್ದ, ಒಂದು ಗಿಡ್ಡ. ಸರಕಾರ ಕುಂಟರನ್ನ ನೌಕಾಪಡೆಗೆ ತಗೊಂಡಿದೆ ಅಂತ ತಿಳ್ಕೊಂಡಿದ್ದಿ ನೀನು.”

ಎನಿಡ್ ನಕ್ಕುಬಿಟ್ಟಳು. ಮೆರ್ಲ್ ಕುರ್ಚಿ ಎಳೆದು ಅವಳ ಪಕ್ಕ ಕೂತು, ಉಂಡೆ ಉರುಳದಂತೆ ಉಣ್ಣೆಯನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

“ಯಾಕೇ ಈಗ ಇಷ್ಟು ಹಟ? ಇಷ್ಟು ವರ್ಷ ಒಂದರಲ್ಲೇ ಓಡಾಡಿದನಲ್ಲ,” ಎಂದಳು ಮೆಲ್ಲಗೆ.

“ಅದಕ್ಕೇ,” ಎಂದಳು ಎನಿಡ್. “ಹೋಗೋವಾಗ ಆದ್ರೂ ಜೊತೆ ಹಾಕ್ಕೊಂಡು ಹೋಗ್ಲಿ. ನಾನು ಮಾಡಿಕೊಡಬಹುದಿತ್ತು ಮೆರ್ಲ್. ಸಿಟ್ಟಿಗೆ ಮಾಡಿಕೊಡ್ಲಿಲ್ಲ.”

*

ಯುದ್ಧದ ಕಾಲದಲ್ಲಿ ಸರಕಾರ ಸಣ್ಣ ಸಣ್ಣ ಬೆಂಗಾವಲು ಹಡಗುಗಳನ್ನು ಕಟ್ಟಿಸಿ ಒಂದೊಂದಕ್ಕೆ ಒಂದೊಂದು ಊರಿನ ಹೆಸರಿಟ್ಟಿತು. ಹಾಗೆ ಒಂದಕ್ಕೆ ಮಿರಾಬಿನ್ ಎಂದು ಹೆಸರು ಬಂತು. ಸಮುದ್ರ ನಮ್ಮೂರಿಗೆ ರೈಲಿನಲ್ಲಿ ಒಂದು ಹಗಲಿನ ದಾರಿ. ಊರಿನಲ್ಲಿದ್ದ ದೊಡ್ಡ ನೀರೆಂದರೆ ರೈಲಿನ ಎಂಜಿನ್ನಿಗೆ ನೀರು ತುಂಬುವ ತೊಟ್ಟಿ. ಆದರೂ ನಮ್ಮ ಹೆಸರು ಹೊತ್ತ ಹಡಗೊಂದು ಎಲ್ಲೋ ತೇಲುತ್ತಿದೆ ಎಂದಾಗ ಗೋಧಿ ಬೆಳೆಯುವ ನಾವೆಲ್ಲ ಎದೆ ಸೆಟೆಸಿಕೊಂಡು ಓಡಾಡಿದೆವು.

ಹಡಗು ಎಲ್ಲಿದೆ ಎನ್ನುವುದು ಗುಟ್ಟು. ಹಾಗಾಗಿ ಊರಿನ ಹೆಂಗಸರು ತಾವೇ ಯೋಚಿಸಿದರು. ಸಮುದ್ರವೆಂದರೆ ಗಾಳಿ, ಗಾಳಿಯೆಂದರೆ ಚಳಿ. ಪಾಪ, ನಮ್ಮ ಹುಡುಗರು ಗಡಗಡ ನಡುಗುತ್ತಿರಬೇಕು. ಕುರಿಗಳಿಗೆ ಊರಲ್ಲಿ ಬರವಿರಲಿಲ್ಲ. ಶಾಲೆಯ ಹುಡುಗಿಯರಿಂದ ಹಿಡಿದು ಹಲ್ಲಿಲ್ಲದ ಅಜ್ಜಿಯರ ತನಕ ಎಲ್ಲರೂ ಕೂತು ಕಿವಿ ಮುಚ್ಚುವ ಟೋಪಿ, ಕೈಗವಸು, ಮೊಣಕಾಲ ಮುಟ್ಟುವ ಕಾಲುಚೀಲ ಹೆಣೆದರು. ಒಂದೊಂದರ ಒಳಗೂ ಹೆಣೆದವಳ ಹೆಸರಿನ ಬಟ್ಟೆಪಟ್ಟಿ.

ಪೆಟ್ಟಿಗೆಗಳು ಹಡಗು ಮುಟ್ಟಿದ್ದು ನ್ಯೂಗಿನಿಯ ಮಿಲ್ನ್ ಕೊಲ್ಲಿಯಲ್ಲಿ. ಅಲ್ಲಿನ ಸೆಕೆಗೆ ಹಡಗಿನ ಅಟ್ಟದ ಮೇಲೆ ಬರಿಗಾಲಿಟ್ಟರೆ ಚರ್ಮ ಅಂಟಿಕೊಳ್ಳುತ್ತಿತ್ತು. ಚಡ್ಡಿಯೊಂದನ್ನೇ ತೊಟ್ಟ ಗಂಡಸರು ಪೆಟ್ಟಿಗೆ ಬಿಚ್ಚಿ, ಕಿವಿ ಮುಚ್ಚುವ ಟೋಪಿಯನ್ನು ಎತ್ತಿ ಹಿಡಿದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರಂತೆ. ಹಡಗು ಚಿಕ್ಕದು. ಒದ್ದೆ ಹುಲ್ಲಿನ ಮೇಲಿಟ್ಟರೂ ಹೊರಳುತ್ತದೆ ಎಂದು ದೊಡ್ಡ ಹಡಗಿನವರು ಹಂಗಿಸುತ್ತಿದ್ದರು. ಸರಕು ಹಡಗುಗಳು ನಿಧಾನವಾಗಿ ಸಾಲಾಗಿ ಹೋಗುವಾಗ, ಕುರಿಮಂದೆಯ ಸುತ್ತ ನಾಯಿ ಓಡಾಡುವಂತೆ ಅದು ಅತ್ತಿತ್ತ ಸುತ್ತಿ ಕಾಯಬೇಕು. ನೀರಿನಡಿಯ ಶತ್ರುವಿಗೆ ಕಿವಿಗೊಡಬೇಕು, ಮೇಲಿನ ವಿಮಾನಕ್ಕೆ ಕಣ್ಣಿಡಬೇಕು. ಅಂಥ ಹಡಗಿನಲ್ಲಿ ನಗಲು ಏನಾದರೂ ಸಿಕ್ಕಿದರೆ ಯಾರು ಬಿಡುತ್ತಾರೆ? ಮೆರ್ಲ್‌ಳ ಟೋಪಿ ಕಾಫಿ ಸೋಸಲು ಹೋಯಿತು. ಕೈಗವಸುಗಳು ಬಿಸಿ ಪಾತ್ರೆ ಹಿಡಿಯಲು ಅಡುಗೆಯವನ ಪಾಲಾದವು.

ಕಾಲುಚೀಲಗಳಿಗೆ ಮಾತ್ರ ಕೆಳಗಡೆ ಬಾಯ್ಲರ್ ಕೋಣೆಯಲ್ಲಿ ಭಾರಿ ಬೇಡಿಕೆ. ಅಲ್ಲಿಯ ಕಬ್ಬಿಣದ ನೆಲ ಕಾದ ಹಂಚಿನ ಹಾಗೆ. ಬೂಟಿನ ಅಡಿಯನ್ನೂ ದಾಟಿ ಪಾದ ಸುಡುತ್ತಿತ್ತು. ದಪ್ಪ ಉಣ್ಣೆಯೊಂದೇ ಅದಕ್ಕೆ ಮದ್ದು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಆಲ್ವಿನ್‌ಗೆ ಚೀಟಿ ಎತ್ತಿದಾಗ ಸಿಕ್ಕಿದ್ದು ಒಂದು ಉದ್ದ, ಒಂದು ಗಿಡ್ಡ ಇದ್ದ ಜೊತೆ. ಒಳಗೆ ‘ಎನಿಡ್’ ಎಂದು ಹೊಲಿದಿತ್ತು. ಪಾಳಿ ಮುಗಿಸಿ ಮೇಲೆ ಬಂದು, ಬಕೆಟ್ಟಿನಲ್ಲಿ ಅವನ್ನು ತೊಳೆದು ಹಗ್ಗಕ್ಕೆ ಹಾಕಿ, ಒಣಗುವ ತನಕ ಪಕ್ಕದಲ್ಲೇ ಕಾವಲು ಕೂರುತ್ತಿದ್ದ.

*

ಯುದ್ಧ ಮುಗಿದ ಮರುವರ್ಷ, ಒಂದು ಮಧ್ಯಾಹ್ನ, ಮಿರಾಬಿನ್ನಿನ ರೈಲಿನಿಂದ ಚೀಲ ಹೆಗಲಿಗೇರಿಸಿಕೊಂಡು ಒಬ್ಬ ಇಳಿದ. ವಿಳಾಸ ಕೇಳುತ್ತ ಬಂದು ಎನಿಡ್‌ಳ ಮನೆಯ ಬಾಗಿಲು ತಟ್ಟಿದ. ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆರೆದಳು. ಅವನು ಹೆಸರು ಹೇಳಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಜೇಬಿನಿಂದ ಕಾಲುಚೀಲವೊಂದನ್ನು ತೆಗೆದು ಅವಳ ಮುಂದೆ ಹಿಡಿದ.

ಎನಿಡ್ ಅದನ್ನು ತಿರುಗಿಸಿ ಒಳಗಿದ್ದ ತನ್ನ ಹೆಸರು ನೋಡಿದಳು. ಆಮೇಲೆ ಅವನಿಗೆ ಆಡಿದ ಮೊದಲ ಮಾತು, “ಇನ್ನೊಂದೆಲ್ಲಿ?”

ಅವನ ಮುಖ ಒಂದು ಗಳಿಗೆ ಪೆಚ್ಚಾಯಿತು. “ಧೋಬಿ ಹಗ್ಗದಿಂದ ಗಾಳಿಗೆ ಹಾರಿಹೋಯ್ತು,” ಎಂದ. ಹಡಗಿನವರು ಒಗೆತಕ್ಕೆ ‘ಧೋಬಿ’ ಎನ್ನುತ್ತಾರೆಂದು ಅವಳಿಗೆ ಆಮೇಲೆ ತಿಳಿಯಿತು.

“ಬಟ್ಟೆ ಚಿಮಟಿ ಹಾಕಿರ್ಲಿಲ್ವಾ?”

“ಇಲ್ಲ.”

“ನಾನು ಬೇಸಿಗೆ ರಜ ಪೂರ್ತಿ ಕೂತು ಹೆಣೆದಿದ್ದು. ಚಿಮಟಿ ಹಾಕೋಕಾಗ್ಲಿಲ್ವಾ ನಿಮಗೆ?”

“ತಪ್ಪಾಯ್ತು,” ಎಂದ ಆಲ್ವಿನ್. “ಇದರ ಹಿಮ್ಮಡಿ ಹರಿದಿದೆ. ತೇಪೆ ಹಾಕ್ಕೊಡ್ತೀರಾ ಅಂತ ಬಂದೆ.”

ತೇಪೆ ಹಾಕಿಸಿಕೊಳ್ಳಲು ಬಂದವನು ಮತ್ತೆ ರೈಲು ಹತ್ತಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ಹಿಡಿದ. ಮರುವರ್ಷ ಮದುವೆಯಾಯಿತು. ಹಡಗಿನ ಗೆಳೆಯ ಕ್ಲಾರಿ ಮೂನಿ ವರನ ಜೊತೆಗಾರನಾಗಿ ಬಂದು, ಕುಡಿದು, ಕುಣಿದು, ಪಾದ್ರಿಯ ಹೆಂಡತಿಯನ್ನು ಎತ್ತಿ ತಿರುಗಿಸಿ ಹೋದ.

ಮದುವೆಯಾದ ಮೊದಲ ಚಳಿಗಾಲದಲ್ಲಿ ಎನಿಡ್ ಅದೇ ಬೂದುಬಣ್ಣದ ಉಣ್ಣೆ ತಂದು ಕಡ್ಡಿಗೆ ಹಾಕಿದಳು. ಗಂಡನಿಗೆ ಜೊತೆ ಮಾಡಿಕೊಡುವ ಹುರುಪು. ಗಿರಣಿಯಿಂದ ಬಂದ ಆಲ್ವಿನ್ ಅದನ್ನು ನೋಡಿದ. ಹತ್ತಿರ ಬಂದು ಅವಳ ಕಡ್ಡಿಗಳ ಮೇಲೆ ಕೈಯಿಟ್ಟ.

“ಬೇಡ ಎನಿಡ್. ಇದಕ್ಕೆ ಜೊತೆ ಬೇಡ.”

“ಯಾಕೆ? ನನ್ನ ಹೆಣಿಗೆ ಅಷ್ಟು ಕೆಟ್ಟದಾ?”

ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೋಳಿಗಳಿಗೆ ಕಾಳು ಹಾಕಿದ. ಎನಿಡ್ ಕಡ್ಡಿಗಳನ್ನು ಕಪಾಟಿಗೆ ಎಸೆದಳು. ಅಂದಿನಿಂದ ಊರಿನಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಟೋಪಿ ಹೆಣೆದಳು, ಪಾದ್ರಿಗೆ ಕಂಠಪಟ್ಟಿ ಹೆಣೆದಳು, ಮಗಳ ಬೆಕ್ಕಿಗೂ ಅಂಗಿ ಹೆಣೆದಳು. ಗಂಡನ ಕಾಲಿಗೆ ಒಂದೆಳೆ ಹೆಣೆಯಲಿಲ್ಲ.

ಬಾಳುವೆಯೇನೋ ಚೆನ್ನಾಗಿಯೇ ನಡೆಯಿತು. ಆದರೆ ಅವನು ಬೀಗದ ಕೈ ಕಳೆದರೆ, ಕೊಡೆ ಮರೆತರೆ, ಕನ್ನಡಕ ಎಲ್ಲೋ ಇಟ್ಟು ಹುಡುಕಿದರೆ, “ಚಿಮಟಿ ಹಾಕದೆ ಕಾಲುಚೀಲ ಕಳಕೊಂಡವರಲ್ವಾ ನೀವು!” ಎನ್ನುವುದು ಅವಳ ಬಾಯಲ್ಲಿ ಪಲ್ಲವಿಯಾಯಿತು. ಮಗಳು ಕಲಿತಳು, ಮೊಮ್ಮಕ್ಕಳು ಕಲಿತರು. ಆಲ್ವಿನ್ ನಗುತ್ತಿದ್ದ ಅಷ್ಟೆ. ಪ್ರತಿ ಏಪ್ರಿಲ್‌ನಲ್ಲಿ ಹಳೆಯ ಯೋಧರ ಮೆರವಣಿಗೆ ಹೊರಟಾಗ ಎಡಗಾಲಿಗೆ ಆ ಉಣ್ಣೆಯ ಕಾಲುಚೀಲ, ಬಲಗಾಲಿಗೆ ಮಾಮೂಲು ಕರಿ ಕಾಲುಚೀಲ ಹಾಕಿಕೊಂಡು ಹೋಗುತ್ತಿದ್ದ. ಮುದುಕನ ಹುಚ್ಚು ಎಂದು ನಾವು ನಗುತ್ತಿದ್ದೆವು, ಅವನೂ ನಮ್ಮ ಕಡೆ ಕೈಬೀಸಿ ನಗುತ್ತಿದ್ದ.

*

“ಬಸ್ಸು ಕೆಟ್ಟು ದಾರೀಲಿ ನಿಂತಿತ್ತು,” ಎನ್ನುತ್ತ ಕ್ಲಾರಿ ಮೂನಿ ಕೋಣೆಗೆ ಬಂದ. ಹಡಗಿನವರಲ್ಲಿ ಈಗ ಉಳಿದವನು ಅವನೊಬ್ಬನೇ. ಪಾದ್ರಿಯ ಹೆಂಡತಿಯನ್ನು ಎತ್ತಿದ ತೋಳುಗಳು ಈಗ ಒಂದು ಊರುಗೋಲನ್ನು ಹಿಡಿಯಲು ಒದ್ದಾಡುತ್ತಿದ್ದವು. ಕೋಟಿನ ಮೇಲೆ ದಾರಿಯ ಕೆಂಧೂಳು, ಪದಕಗಳ ಮೇಲೂ ಅದೇ.

ಅವನು ನೆಟ್ಟಗೆ ಪೆಟ್ಟಿಗೆಯ ಬಳಿಗೆ ಹೋದ. “ಏನೋ ಮುದಿಯಾ,” ಎಂದ. “ನಿನ್ನ ಪಾಳಿ ಮುಗೀತು ಅಂತ ನನ್ನೊಬ್ಬನ್ನೇ ಬಿಟ್ಟು ಹೊರಟೆಯಾ?” ಸತ್ತವನ ಕೆನ್ನೆಗೆ ಮೆಲ್ಲಗೆ ತಟ್ಟಿದ. ಆಮೇಲೆ ಕಣ್ಣು ಕೆಳಗೆ ಜಾರಿ ಆ ಎಡಗಾಲಿನ ಮೇಲೆ ನಿಂತಿತು. ಅಲ್ಲಿಂದ ಬರಿ ಬಲಗಾಲಿಗೆ, ಅಲ್ಲಿಂದ ಎನಿಡ್‌ಳ ಮಡಿಲಿಗೆ.

“ಏನು ಮಾಡ್ತಿದೀರಿ ಎನಿಡ್?”

“ಜೊತೆ ಮಾಡ್ತಿದೀನಿ. ಇನ್ನು ಸ್ವಲ್ಪವೇ ಇದೆ. ಕೂತ್ಕೊಳ್ಳಿ ಕ್ಲಾರಿ. ಹೀದರ್, ಅವರಿಗೆ ಟೀ ಕೊಡೇ.”

ಕ್ಲಾರಿ ಕೂತ. ಟೀ ಬಂತು, ಕುಡಿಯಲಿಲ್ಲ. ಕಡ್ಡಿಗಳ ಕಟಕಟ ಸದ್ದು ಕೇಳುತ್ತ ಊರುಗೋಲಿನ ಹಿಡಿಯನ್ನು ಉಜ್ಜುತ್ತ ಕೂತಿದ್ದ. ಹೇಳುವುದೋ ಬಿಡುವುದೋ ಎನ್ನುವ ತೊಳಲಾಟ ಅವನ ಮುಖದಲ್ಲಿ ಎಲ್ಲರಿಗೂ ಕಾಣುತ್ತಿತ್ತು.

“ಸ್ವಲ್ಪ ನಿಲ್ಸಿ ಎನಿಡ್,” ಎಂದ ಕೊನೆಗೆ.

“ನಿಲ್ಸೋಕೆ ಹೊತ್ತಿಲ್ಲ. ಈ ಗ್ರಾಂಟ್ ಆಗ್ಲಿಂದ ಮುಚ್ಚಳಾನೇ ನೋಡ್ತಿದಾನೆ.”

“ನಿಲ್ಸಿ. ನಾನು ಇರೋ ತನಕ ಬಾಯಿ ಬಿಡಬೇಡ ಅಂತ ಇವನು ನನ್ನ ಹತ್ರ ಆಣೆ ಹಾಕ್ಸಿಕೊಂಡಿದ್ದ. ಈಗ ಇಲ್ವಲ್ಲ. ಆ ಕಾಲುಚೀಲ ಏನಾಯ್ತು ಅಂತ ನಿಮಗೆ ಹೇಳಿದ್ದ?”

“ಗಾಳಿಗೆ ಹಾರಿಹೋಯ್ತು ಅಂತ.”

“ಹಾರಿಹೋಗ್ಲಿಲ್ಲ.”

ಎನಿಡ್‌ಳ ಕೈ ನಿಂತಿತು.

“ಬೆವಿಲ್ ಟಾಡ್ ಅಂತ ಒಬ್ಬನಿದ್ದ ನಮ್ಮ ಜೊತೆ,” ಎಂದ ಕ್ಲಾರಿ. “ಫಿರಂಗಿ ಹತ್ರ ಇರ್ತಿದ್ದ. ಅನಾಥಾಲಯದಲ್ಲಿ ಬೆಳೆದೋನು. ನಿಮ್ಮೂರ ಪೆಟ್ಟಿಗೆ ಹಂಚಿ ಆದ್ಮೇಲೆ ಹಡಗಿಗೆ ಬಂದ, ಅವನಿಗೇನೂ ಸಿಗ್ಲಿಲ್ಲ. ಆಲ್ವಿನ್ ಕಾಲುಚೀಲ ಒಣಗ್ಸೋಕೆ ಕೂತ್ರೆ ಅವನೂ ಬಂದು ಪಕ್ಕ ಕೂರೋನು. ಆ ಹೆಸರಿನ ಪಟ್ಟಿ ಮುಟ್ಟಿ ಮುಟ್ಟಿ ನೋಡೋನು. ‘ಈ ಎನಿಡ್ ಯಾರಿಗೆ ಅಂತಾನೂ ಗೊತ್ತಿಲ್ದೆ ಇಷ್ಟು ಹೆಣೆದಿದಾಳಲ್ಲೋ’ ಅನ್ನೋನು. ನಾವು ರೇಗಿಸ್ತಿದ್ವಿ. ‘ಸತ್ರೆ ನಂಗೆ ಕೊಟ್ಟು ಸಾಯಿ’ ಅಂತ ಆಲ್ವಿನ್‌ಗೆ ಹೇಳೋನು. ಎಲ್ಲ ನಗ್ತಿದ್ವಿ.”

ಬಾಗಿಲ ಬಳಿ ಹೀದರ್ ಟೀಯ ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

“ಓರೋ ಕೊಲ್ಲಿ ಹತ್ರ ಒಂದಿನ ಸೂರ್ಯನ ಕಡೆಯಿಂದ ವಿಮಾನ ಬಂತು. ನಮ್ಮ ಹಡಗಿಗೆ ಬೀಳ್ಲಿಲ್ಲ ಬಾಂಬು, ಪಕ್ಕದಲ್ಲಿ ನೀರಿಗೆ ಬಿತ್ತು. ಚೂರು ಹಾರಿ ಬಂದು ಫಿರಂಗಿ ಹತ್ರ ಇದ್ದೋರಿಗೆ ತಾಗ್ತು. ಟಾಡ್ ಹೋದ. ಸಂಜೆ ಅವನನ್ನ ಸಮುದ್ರಕ್ಕೆ ಬಿಡಬೇಕು. ಹಡಗು ನಿಲ್ಸೋ ಹಾಗಿಲ್ಲ, ಬೇರೆ ಹಡಗುಗಳನ್ನ ಕಾಯ್ಬೇಕಲ್ಲ. ಅವನವನ ತೂಗುಮಂಚದ ಬಟ್ಟೇಲೇ ಹೊಲಿಯೋದು ನಮ್ಮಲ್ಲಿ ಪದ್ಧತಿ. ಒಂದೇ ಪಂಕ್ತೀಲಿ ಉಣ್ತಿದ್ದೋರು ಅಂತ ನಾನು, ಆಲ್ವಿನ್ ಹೊಲಿಯೋಕೆ ಕೂತ್ವಿ. ತಲೆ ಕಡೆಯಿಂದ ಹೊಲಿದು ಬಂದ್ವಿ. ಕಾಲ ಹತ್ರ ಬಂದಾಗ ಇವನು ಸೂಜಿ ಕೆಳಗಿಟ್ಟ. ‘ತಾಳು’ ಅಂದ. ಕೆಳಗೆ ಹೋಗಿ ನಿಮ್ಮ ಕಾಲುಚೀಲ ತಂದ. ‘ಇವನಿಗೆ ಹುಟ್ಟಿದಾಗ್ಲಿಂದ ಯಾರೂ ಏನೂ ಹೆಣೆದು ಕೊಟ್ಟಿಲ್ಲ ಕಣೋ’ ಅಂದ.”

ಹೊರಗೆ ಮೆಣಸಿನ ಮರದಲ್ಲಿ ಮ್ಯಾಗ್‌ಪೈ ಹಕ್ಕಿಗಳು ಕಿತ್ತಾಡುತ್ತಿದ್ದವು.

“ಒಳ್ಳೇದೇ ಮಾಡಿದ್ರು,” ಎಂದಳು ಎನಿಡ್. “ಆದ್ರೆ ಕೊಡೋರು ಎರಡೂ ಕೊಡಬಾರ್ದಿತ್ತಾ? ಒಂದು ಕಾಲಿಗೆ ಹಾಕಿ ಇನ್ನೊಂದನ್ನ ಯಾರಾದ್ರೂ ಬರಿದು ಬಿಡ್ತಾರಾ?”

ಕ್ಲಾರಿ ನೆಲ ನೋಡಿದ.

“ಎರಡೂ ತಂದಿದ್ದ ಎನಿಡ್,” ಎಂದ. “ಒಂದೇ ಸಾಕಾಯ್ತು.”

ಗ್ರಾಂಟ್ ಬಂದು ಹೀದರ್‌ಳ ಕೈಯಿಂದ ತಟ್ಟೆ ತೆಗೆದುಕೊಂಡ. ಮೆರ್ಲ್ ಎನಿಡ್‌ಳ ಮೊಣಕೈ ಹಿಡಿದುಕೊಂಡಳು.

ಎನಿಡ್ ಗಂಡನ ಮುಖ ನೋಡಿದಳು. “ಯಾವ ಕಾಲು?” ಎಂದು ಕೇಳಿದಳು ಆಮೇಲೆ.

“ಬಲಗಾಲು. ಅದೊಂದೇ ಉಳಿದಿದ್ದು.”

ಅವಳ ನೋಟ ಪೆಟ್ಟಿಗೆಯ ಆ ತುದಿಗೆ ಸರಿಯಿತು. ತೇಪೆ ತೇಪೆಯ ಉಣ್ಣೆ ತೊಟ್ಟ ಎಡಗಾಲು ಅಲ್ಲಿತ್ತು. ಒಂದು ಏಪ್ರಿಲ್‌ನಲ್ಲೂ ತಪ್ಪದೆ ಅದೇ ಎಡಗಾಲು. ಅವಸರದಲ್ಲಿ ಹೊರಟಾಗಲೂ, ಕಣ್ಣು ಮಂಜಾದ ಮೇಲೂ ಅದೇ. ಕಳೆದ ವರ್ಷ ಗಾಲಿಕುರ್ಚಿಯಲ್ಲಿ ಕೂರಿಸಿ ಅವಳೇ ಕಾಲುಚೀಲ ತೊಡಿಸುವಾಗ ತಪ್ಪಿ ಬಲಗಾಲು ಹಿಡಿದರೆ, “ಅದಲ್ಲ ಎನಿಡ್, ಈ ಕಾಲು,” ಎಂದು ಎಡಗಾಲು ಮುಂದೆ ಚಾಚಿದ್ದ. ಅವಳು ಬೈದಿದ್ದಳು ಕೂಡ. ಒಂಟಿ ಕಾಲುಚೀಲಕ್ಕೆ ಎಡ ಬಲ ಬೇರೆ ಕೇಡು ಎಂದು.

“ಥೂ ಮುಠ್ಠಾಳ,” ಎಂದಳು ಪೆಟ್ಟಿಗೆಯ ಕಡೆ ತಿರುಗಿ. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಚಿಮಟಿ ಚಿಮಟಿ ಅಂತ ಸಾಯೋ ತನಕ ಅನ್ನಿಸ್ಕೊಂಡ್ರಲ್ಲ ನನ್ನ ಕೈಲಿ. ಬೀದಿ ಮಕ್ಕಳ ಎದುರಿಗೂ ಅಂದೆನಲ್ಲ. ಒಂದು ಮಾತು ಹೇಳೋಕೇನಾಗಿತ್ತು ನಿಮಗೆ?”

“ಹೇಳಿದ್ರೆ ನೀವು ಈಗ ಕೇಳಿದ ಹಾಗೇ ಕೇಳ್ತಿದ್ರಿ, ಒಂದೇ ಯಾಕೆ ಅಂತ,” ಎಂದ ಕ್ಲಾರಿ. “ಅದನ್ನ ನಿಮ್ಮ ಮುಂದೆ ಹೇಳೋ ಬಾಯಿ ಅವನಿಗಿರ್ಲಿಲ್ಲ. ಚಿಮಟಿ ಹಾಕ್ಲಿಲ್ಲ ಅಂತ ಬೈಸ್ಕೊಳ್ಳೋದು ಸುಲಭವಾಗಿತ್ತು.”

ಎನಿಡ್ ಎದ್ದಳು. ಮಡಿಲಿನ ಕಾಲುಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಪೆಟ್ಟಿಗೆಯ ತುದಿಗೆ ಹೋಗಿ, ಆ ಬರಿ ಪಾದವನ್ನು ಅಂಗೈಯಲ್ಲಿ ಹಿಡಿದು, ಚಳಿಗಾಲದ ಸಂಜೆಗಳಲ್ಲಿ ತಿಕ್ಕುತ್ತಿದ್ದ ಹಾಗೆ ಒಮ್ಮೆ ತಿಕ್ಕಿದಳು. ನಂತರ ಬಂದು ಕುರ್ಚಿಯಲ್ಲಿ ಕೂತು ಕಡ್ಡಿಗಳನ್ನು ಒಂದೊಂದಾಗಿ ಸೆಳೆದು ತೆಗೆದಳು. ಕುಣಿಕೆಗಳು ಬಾಯಿಬಿಟ್ಟುಕೊಂಡು ನಿಂತವು. ಅವಳು ಎಳೆಯ ತುದಿ ಹಿಡಿದು ಎಳೆದಳು.

“ಅಯ್ಯೋ, ಮುಗೀತಾ ಬಂದಿತ್ತಲ್ಲೇ!” ಎಂದಳು ಮೆರ್ಲ್.

“ಜೊತೆ ಆಗ್ಲೇ ಇದೆ ಮೆರ್ಲ್. ಒಂದು ಅಲ್ಲಿ, ಒಂದು ಇಲ್ಲಿ. ನಾನು ಮೂರನೇದು ಹೆಣೆದು ಅದನ್ನ ಮುರೀಬೇಕಾ?”

ಉಣ್ಣೆ ಸರಸರ ಬಿಚ್ಚಿಕೊಳ್ಳುತ್ತ ನೆಲಕ್ಕೆ ಬೀಳತೊಡಗಿತು. ಅದನ್ನು ಅವಳಿಂದ ಸಹಿಸಲಾಗಲಿಲ್ಲ. ಎಂಥ ದುಃಖದಲ್ಲೂ ಉಣ್ಣೆಯನ್ನು ಗೋಜಲಾಗಲು ಬಿಡುವ ಹೆಂಗಸು ನಮ್ಮೂರಲ್ಲಿ ಹುಟ್ಟಿಲ್ಲ.

“ಕ್ಲಾರಿ, ಆ ಕೋಲು ಪಕ್ಕಕ್ಕಿಡಿ. ಎರಡೂ ಕೈ ಮುಂದೆ ಮಾಡಿ.”

ಕ್ಲಾರಿ ಕೋಲನ್ನು ಗೋಡೆಗೊರಗಿಸಿ ಎರಡೂ ಕೈಗಳನ್ನು ಎದುರಿಗೆ ಚಾಚಿದ. ಎನಿಡ್ ಬಿಚ್ಚುತ್ತ ಹೋದಳು, ಅವನ ನಡುಗುವ ಕೈಗಳ ಸುತ್ತ ಉಣ್ಣೆಯನ್ನು ಸುತ್ತುತ್ತ ಹೋದಳು. ಪಾದ ಹೋಯಿತು, ಹಿಮ್ಮಡಿ ಹೋಯಿತು. ಸತ್ತ ದಿನದಿಂದ ಕೂತು ಹೆಣೆದದ್ದು, ನೋಡುತ್ತ ನೋಡುತ್ತ ಎಳೆಯಾಯಿತು.

“ಗ್ರಾಂಟ್,” ಎಂದಳು ಸುತ್ತುವುದನ್ನು ನಿಲ್ಲಿಸದೆ. “ಈಗ ಮುಚ್ಚು.”

“ಬಲಗಾಲು ಹಾಗೇ ಇರ್ಲಾ ಮಿಸೆಸ್ ಪಾಸ್ಕೋ?”

“ಹಾಗೇ ಇರ್ಲಿ. ಅದರದು ಬೇರೆ ಕಡೆ ಇದೆ.”

ಮುಚ್ಚಳ ಕೂತಿತು. ಹೊರುವವರು ಬಂದರು. ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಕೋಣೆಯಿಂದ ಭವನದೊಳಕ್ಕೆ ಹೊರಟಾಗ ಅಲ್ಲಿ ಗೋಡೆಗೆ ತೂಗುಹಾಕಿದ್ದ ಮಿರಾಬಿನ್ ಹಡಗಿನ ಗಂಟೆಯನ್ನು ಯಾರೋ ಬಾರಿಸಿದರು. ಹಡಗಿನಲ್ಲಿ ಪಾಳಿ ಮುಗಿದಾಗ ಬಾರಿಸುತ್ತಿದ್ದ ಹಾಗೆ, ಎರಡೆರಡಾಗಿ. ಹಡಗನ್ನು ಒಡೆದು ಗುಜರಿಗೆ ಹಾಕಿ ಎಷ್ಟೋ ಕಾಲವಾಗಿತ್ತು, ಗಂಟೆಯ ಕಂಠ ಮಾತ್ರ ಹಾಗೇ ಇತ್ತು.

ಸದ್ದು ಕೇಳಿದ್ದೇ ಕ್ಲಾರಿ ತಡವರಿಸುತ್ತ ಎದ್ದು ನಿಂತ. ಪೆಟ್ಟಿಗೆ ಎದುರಿಗೆ ಬಂದಾಗ ಅವನ ಬಲಗೈ ತಾನಾಗಿ ಹಣೆಯ ಕಡೆಗೆ ಏರಿತು. ಅರ್ಧ ದಾರಿಯಲ್ಲಿ ಉಣ್ಣೆ ಬಿಗಿದು ನಿಂತಿತು.

“ಸೆಲ್ಯೂಟ್ ಹೊಡೀಬೇಕು ಎನಿಡ್,” ಎಂದ ಪಿಸುದನಿಯಲ್ಲಿ.

“ಕೈ ಇಳಿಸಬೇಡಿ,” ಎಂದಳು ಎನಿಡ್. “ಗೋಜಲಾಗುತ್ತೆ.”

ಅವನು ಇಳಿಸಲಿಲ್ಲ. ಎರಡೂ ಕೈಗಳನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದು, ಬಗ್ಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿಕೊಂಡು ನಿಂತ. ಆಲ್ವಿನ್ ಅವನ ಮುಂದೆ ಹಾದುಹೋದ. ಕೈಗಳ ನಡುವೆ ಬೂದುಬಣ್ಣದ ಉಣ್ಣೆ, ಬಿಚ್ಚಿದ ಕುಣಿಕೆಗಳ ಸುರುಳಿಯನ್ನು ಇನ್ನೂ ಬಿಡದೆ, ನಡುಗುತ್ತಿತ್ತು. ಅದರ ಇನ್ನೊಂದು ತುದಿ ಎನಿಡ್‌ಳ ಬೆರಳಲ್ಲಿತ್ತು.